ಹೊಳೆ ದಾಟಿದ ಉರ್ದು ಅಕ್ಷರ

ಮೇಷ್ಟರ ಬದುಕಿನಲ್ಲಿ ನಗೆಯ ಪ್ರಸಂಗಗಳು ಸೀಮೆಸುಣ್ಣದ ಪುಡಿಯ ಹಾಗೆ. ಎಷ್ಟು ಕೊಡವಿದರೂ ಅಂಗಿಯ ಮೇಲೆ ಒಂದಿಷ್ಟು ಉಳಿದೇ ಇರುತ್ತದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಶಿರಂಗಾಲದ ಕಡೆ, ಹೊಳೆಯ ಈಚೆ ದಡದ ಕನ್ನಡ ಶಾಲೆಯಲ್ಲಿದ್ದೆ. ಆಚೆ ದಡದಲ್ಲಿ ಉರ್ದು ಶಾಲೆ.

೧. ಎರಡು ಬಾವುಟ

ಆ ಬೇಸಿಗೆಯಲ್ಲಿ ನನ್ನ ಹೆಂಡತಿ ತೀರಿಕೊಂಡಿದ್ದಳು. ಶಾಲೆ ತೆರೆದ ಮೇಲೆ ಪಾಠ ಮಾಡುತ್ತಿದ್ದೆ, ಮನೆಗೆ ಬರುತ್ತಿದ್ದೆ. ಊಟದ ಡಬ್ಬಿಯನ್ನು ಎಂದೂ ಮರೆಯದೆ ಹಿಡಿದುಕೊಂಡು ಹೋಗುತ್ತಿದ್ದೆ. ಮಾತು ಮಾತ್ರ ಕಡಿಮೆಯಾಗಿತ್ತು.

ಒಂದು ಸೋಮವಾರ ಮೂರನೆಯ ತರಗತಿಗೆ ಮಗ್ಗಿ ಹೇಳಿಸುತ್ತಿದ್ದೆ. ಉರ್ದು ಮೇಷ್ಟರು ಹರಿಗೋಲು ಇಳಿದು ನೇರ ಒಳಗೆ ಬಂದರು. ಕೈಯಲ್ಲಿ ನಾಲ್ಕು ಬಾವುಟ, ಒಂದೇ ಥರದ ಎರಡು ಅಕ್ಷರಪಟ.

“ಹೊಳೆ ಏರ್ತಾ ಇದೆ ಮೇಷ್ಟ್ರೇ. ನಾಳೆಯಿಂದ ಹರಿಗೋಲು ನಿಲ್ಲುತ್ತೆ. ಹೀಗೇ ಬಿಟ್ರೆ ನೀವು ಗೋಡೆ ಜೊತೆಗೂ ಮಾತು ಬಿಡ್ತೀರಿ. ಎರಡು ಬಾವುಟ ನಿಮಗೆ, ಎರಡು ನನಗೆ.”

ಪಟದಲ್ಲಿ ಉರ್ದುವಿನ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ. ಅಲಿಫ್ ಒಂದು, ಬೇ ಎರಡು, ಐನ್ ಇಪ್ಪತ್ತನಾಲ್ಕು. ಬಲಗೈ ಬಾವುಟ ಹತ್ತಕ್ಕೆ, ಎಡಗೈಯದು ಬಿಡಿಗೆ. ಬಲಗೈ ಎರಡು ಸಲ, ಎಡಗೈ ನಾಲ್ಕು ಸಲ ಎತ್ತಿದರೆ ಐನ್. ಆ ಅಕ್ಷರಗಳನ್ನು ನನಗೆ ಹಿಂದೆಯೇ ಕಲಿಸಿದವರು ಅವರೇ.

“ಕನ್ನಡದಲ್ಲೇ ಬೀಸಬಹುದಲ್ಲ?” ಎಂದೆ.

“ನಿಮ್ಮ ಒತ್ತಕ್ಷರಗಳನ್ನೆಲ್ಲ ಬೀಸೋಕೆ ಹೋದ್ರೆ ನನ್ನ ತೋಳು ಕಳಚಿ ಹೊಳೆಗೆ ಬೀಳುತ್ತೆ!”

೨. ಪಟಾಲಮಿನ ನಂಬರು

ನಮ್ಮ ಡ್ರಿಲ್ ಮೇಷ್ಟರು ನಿವೃತ್ತ ಹವಾಲ್ದಾರರು. ಪಟ ನೋಡಿದವರೇ ಮೀಸೆ ಕುಣಿಸಿದರು.

“ಇದೇನ್ರೀ? ಈ ಐನ್ ಪದದ ಮೊದಲಲ್ಲಿ ಒಂದು ಆಕಾರ, ನಡುವೆ ಒಂದು, ಕೊನೇಲಿ ಒಂದು, ಒಂಟಿಯಾಗಿ ನಿಂತ್ರೆ ಮತ್ತೊಂದು. ನಾಲ್ಕಕ್ಕೂ ಒಂದೇ ನಂಬರಾ? ಪಟಾಲಮಿನಲ್ಲಿ ಇಂಥ ಅಶಿಸ್ತು ನಡೆಯಲ್ಲ.”

ಉರ್ದು ಮೇಷ್ಟರು ನಕ್ಕರು. “ಹವಾಲ್ದಾರ್ ಸಾಬ್, ಪೆರೇಡಿನಲ್ಲಿ ನಿಮಗೆ ಯಾವ ನಂಬರೋ ಊಟದ ಸಾಲಲ್ಲೂ ಅದೇ ತಾನೆ? ಅಕ್ಷರಾನೂ ಹಾಗೇ. ನಂಬರ್ ಒಂದೇ. ಎಲ್ಲಿ ನಿಂತಿದೆ ನೋಡಿಕೊಂಡು ಬರೆಯೋನು ಬಟ್ಟೆ ತೊಡಿಸ್ತಾನೆ.”

ಹವಾಲ್ದಾರರು ಸ್ವಲ್ಪ ಯೋಚಿಸಿದರು.

“ಊಟದ ಸಾಲಲ್ಲಿ ನಾನು ಎರಡು ನಂಬರ್ ಹೇಳ್ತಿದ್ದೆ.”

೩. ಬೆನ್ನು

ಹರಿಗೋಲು ನಿಂತಿತು. ಮೊದಲ ದಿನ ಬಾವುಟ ಹಿಡಿದು ದಡಕ್ಕೆ ಹೋದೆ. ಹವಾಲ್ದಾರರು ಹಿಂದೆಯೇ ಬಂದರು.

“ಉರ್ದು ಬಲದಿಂದ ಎಡಕ್ಕೆ ಅಲ್ವಾ? ಹಾಗಾದ್ರೆ ನೀವು ತಿರುಗಿ ನಿಂತು ಬೀಸಬೇಕು.”

“ಮೊದಲು ಉಚ್ಚರಿಸುವ ಅಕ್ಷರವನ್ನು ಮೊದಲು ಬೀಸಿದರಾಯಿತು. ಎಡ ಬಲ ಎಲ್ಲ ಕಾಗದದ ಮೇಲೆ,” ಎಂದೆ.

“ಸಿಗ್ನಲ್ ವಿಷಯ ನನಗೆ ಬಿಡಿ. ಅಬೌಟ್ ಟರ್ನ್!”

ಮಕ್ಕಳೆಲ್ಲ ನೋಡುತ್ತಿದ್ದರು. ತಿರುಗಿದೆ. ಹೊಳೆಗೆ ಬೆನ್ನು ಹಾಕಿ ‘ಸಲಾಮ್’ ಎಂದು ಬೀಸಿದೆ. ತಿರುಗಿ ನೋಡಿದಾಗ ಆಚೆ ದಡದಿಂದ ಉತ್ತರ ಬರುತ್ತಿತ್ತು. ಹತ್ತು, ಇಪ್ಪತ್ತಾರು, ಒಂದು. ಪಟದಲ್ಲಿ ಹುಡುಕಿದೆ: ಖೇ, ಫೇ, ಅಲಿಫ್. ‘ಖಫಾ?’

‘ನನ್ನ ಮೇಲೆ ಮುನಿಸೇ?’ ಎಂದು ಕೇಳುತ್ತಿದ್ದರು.

೪. ಠಾಣೆಯ ತನಿಖೆ

ಸಂಖ್ಯೆ ಬೀಸಿ ಸಂಖ್ಯೆ ಬರೆದುಕೊಳ್ಳುವ ಇಬ್ಬರ ಸುದ್ದಿಯನ್ನು ಯಾರೋ ಠಾಣೆಗೆ ಮುಟ್ಟಿಸಿದರು. ಒಂದು ಮಧ್ಯಾಹ್ನ ದಫೇದಾರರು ಸೈಕಲ್ಲಿನಲ್ಲಿ ದಡಕ್ಕೇ ಬಂದರು. ಕ್ಯಾರಿಯರಿನಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಅವರ ಬುತ್ತಿ.

“ಗೂಢಚಾರಿಕೆ ಅಂತ ದೂರು ಬಂದಿದೆ ಮೇಷ್ಟ್ರೇ. ಆಚೆಯವರು ಈಗ ಏನು ಬೀಸ್ತಾ ಇದ್ದಾರೆ? ಒಂದಕ್ಷರ ಬಿಡದೆ ಓದಿ.”

ಓದಿದೆ. ದಿನಾ ಅದೇ ಹೊತ್ತಿಗೆ ಬರುವ ಪ್ರಶ್ನೆಯೇ. “ಖಾನಾ ಖಾಯಾ? ಊಟ ಮಾಡಿದಿರಾ, ಅಂತ.”

“ಅಷ್ಟೇನಾ?”

“ಅಷ್ಟೇ.”

“ನೀವೇನು ಉತ್ತರ ಕೊಡ್ತೀರಿ?”

“ಹಾಂ ಅಂತ. ಮಾಡಿದೆ ಅಂತ.”

“ಪರೀಕ್ಷೆ ಮಾಡಬೇಕಲ್ಲ. ಎಲ್ಲಿ, ಡಬ್ಬಿ ತೆಗೀರಿ.”

ನಾನು ಪಟ ಸುತ್ತತೊಡಗಿದೆ. ಹವಾಲ್ದಾರರೇ ಶಾಲೆಯೊಳಗಿನಿಂದ ಡಬ್ಬಿ ತಂದು ಮುಚ್ಚಳ ತೆಗೆದರು. ದಫೇದಾರರು ಬಗ್ಗಿ ನೋಡಿದರು, ಬೆರಳಾಡಿಸಿದರು, ಮೂಸಿದರು. ಒಂದು ಅಗುಳೂ ಇರಲಿಲ್ಲ. ತೊಳೆದ ಒದ್ದೆಯೂ ಇರಲಿಲ್ಲ.

“ದಿನಾ ಹೀಗೇನಾ?” ಎಂದರು ಹವಾಲ್ದಾರರು ಮೆಲ್ಲಗೆ.

ನಾನು ಹೌದೆಂದು ತಲೆಯಾಡಿಸಿದೆ.

ದಫೇದಾರರು ಟೋಪಿ ಸರಿಮಾಡಿಕೊಂಡರು. “ಗೂಢಚಾರಿಕೆ ಅಲ್ಲ. ಸುಳ್ಳು ಹೇಳಿಕೆ. ಹೇಳಿಕೆ ತಿದ್ದಿ, ಈಗಲೇ!”

‘ನಹೀಂ’ ಎಂದು ಬೀಸಿದೆ. ಈ ಸಲ ಹೊಳೆಗೆ ಮುಖ ಮಾಡಿ.

ಆಚೆ ದಡದಲ್ಲಿ ಉರ್ದು ಮೇಷ್ಟರು ಪಟ ನೋಡಲಿಲ್ಲ, ಸಂಖ್ಯೆ ಎಣಿಸಲಿಲ್ಲ. ಎರಡೂ ಬಾವುಟಗಳನ್ನು ಜೋಡಿಸಿ ನೇರ ದಫೇದಾರರ ಬುತ್ತಿಯತ್ತ ಚಾಚಿ ನಿಂತುಬಿಟ್ಟರು.

“ಇದ್ಯಾವ ಅಕ್ಷರ ರೀ?” ಎಂದರು ದಫೇದಾರರು.

“ಇದು ಪಟದಲ್ಲಿಲ್ಲ,” ಎಂದೆ.

“ನನಗೆ ಅರ್ಥ ಆಯ್ತು ಬಿಡಿ.”

ಬುತ್ತಿಯಲ್ಲಿ ಐದು ಅಕ್ಕಿರೊಟ್ಟಿ ಇದ್ದವು. ನಾನು ಮೂರು ತಿಂದೆ.