ಅಕ್ಕ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ಲು

ಈ 'ಅಡ್ಜಸ್ಟ್' ಅನ್ನೋ ಪದಕ್ಕೆ ಡಿಕ್ಷನರೀಲಿ ಏನರ್ಥ ಇದ್ಯೋ ನಂಗೊತ್ತಿಲ್ಲ ಕಣ್ರೀ. ನಮ್ಮ ಚಾಮರಾಜಪೇಟೆ ವಠಾರದಲ್ಲಿ ಮಾತ್ರ ಅದಕ್ಕೆ ಸರೀರಿ, ಬಿಟ್ಕೊಡಿ, ತಡ್ಕೊಳಿ, ಸುಮ್ನಿರಿ, ಆಮೇಲ್ ಬನ್ನಿ, ಇನ್ನೂ ಏನೇನೋ ಅರ್ಥ ಇತ್ತು. ಎಷ್ಟ್ ಅರ್ಥ ಇದ್ರೂ ಕೊನೆಗೆ ಅದು ಬಂದು ಕೂರ್ತಿದ್ದಿದ್ದು ನಮ್ಮಕ್ಕನ ತಲೆ ಮೇಲೆ. ನಾನು ಬಾಯಿ ಮುಚ್ಚೋಳಲ್ಲ, ಅವ್ಳು ಬಾಯಿ ತೆಗಿಯೋಳಲ್ಲ. ಹಾಗಾಗಿ ಇಂಥದ್ದೊಂದು ಆಗದೆ ಇರೋ ವಾರಾನೇ ನಮ್ಮನೇಲಿ ಇರ್ಲಿಲ್ಲ.

ಬಸ್ಸು

ಮಾರ್ಕೆಟ್‌ನಿಂದ ಮನೆಗ್ ಬರ್ತಿದ್ವಿ. ಅಕ್ಕಂಗೆ ಕಿಟಕಿ ಪಕ್ಕದ ಸೀಟು ಸಿಕ್ಬಿಡ್ತು, ಅಪರೂಪಕ್ಕೆ. ಅಷ್ಟ್ರಲ್ಲಿ ಒಬ್ಬರು ಹೆಂಗಸು ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ" ಅಂತ ಇಬ್ರು ಕೂರೋ ಸೀಟಲ್ಲಿ ಮೂರನೆಯವರಾಗಿ ಕೂತ್ರು. ಆಮೇಲೆ ಅವ್ರ ಹೂವಿನ ಚೀಲ ಅಕ್ಕನ ಕಾಲ ಹತ್ರ ಬಂತು. ಆಮೇಲೆ ಅವ್ರ ಮಗು ಅಕ್ಕನ ತೊಡೆ ಮೇಲೆ ಬಂತು. ಮಗು ಮಲಗ್ತು. ನಮ್ಮ ಸ್ಟಾಪ್ ಬಂತು.

ಅಕ್ಕ ಮೆಲ್ಲಗೆ, "ನಾನು ಇಳೀಬೇಕಿತ್ತು" ಅಂದ್ಲು.

"ಒಂದೆರಡು ಸ್ಟಾಪ್ ಅಡ್ಜಸ್ಟ್ ಮಾಡ್ಕೊಳಮ್ಮ, ಪಾಪ ಈಗ್ ತಾನೆ ಮಲಗಿದೆ."

ನಾವು ಬಸವನಗುಡೀಲಿ ಇಳಿದು ತರಕಾರಿ ಹೊತ್ಕೊಂಡು ಚಾಮರಾಜಪೇಟೆಗೆ ವಾಪಸ್ ನಡ್ಕೊಂಡ್ ಬಂದ್ವಿ. ದಾರಿ ಉದ್ದಕ್ಕೂ ನಾನು ಬೈತಾ ಬಂದೆ, ಅಕ್ಕ "ಮಗು ಏಳ್ಲಿಲ್ಲ ಅಲ್ವಾ" ಅಂತ ಖುಷಿ ಪಡ್ತಾ ಬಂದ್ಲು.

ಮಂಚ

ಅಪ್ಪನ ಕಡೆ ಒಬ್ಬರು ಅಜ್ಜಿ ಕಣ್ಣು ತೋರಿಸ್ಕೊಳ್ಳೋಕೆ ಅಂತ ಬಂದ್ರು. ಎರಡೇ ದಿನ ಅಂದ್ರು. ಅಮ್ಮ ಅಕ್ಕನ ಮುಖ ನೋಡಿದ್ಲು, ಅಷ್ಟೇ, ಅಕ್ಕ ತನ್ನ ಮಂಚ ಬಿಟ್ಕೊಟ್ಟು ಚಾಪೆ ಎತ್ಕೊಂಡು ಅಡುಗೆಮನೆಗೆ ಹೋದ್ಲು. ಕಣ್ಣಾಯ್ತು, ಹಲ್ಲಾಯ್ತು, ಮಂಡಿ ಆಯ್ತು, ಯುಗಾದಿಗೆ ಬಂದೋರು ಗೌರಿ ಹಬ್ಬದ ಹೊತ್ಗೆ ಹೊರಟ್ರು. ಹೊರಡೋವಾಗ ಅಪ್ಪನ್ನ ಪಕ್ಕಕ್ಕೆ ಕರೆದು ಹೇಳಿದ್ರು, "ನಿಮ್ಮನೇಲಿ ಎಲ್ಲಾ ಚೆನ್ನಾಗಿತ್ತಪ್ಪ. ನೀರು ಕುಡಿಯೋಕ್ ಎದ್ರೆ ಮಾತ್ರ ಅಡುಗೆಮನೇಲಿ ಒಂದು ಹುಡುಗಿ ಕಾಲಿಗೆ ಸಿಗ್ತಾಳೆ. ಅದೊಂದು ನೋಡ್ಕೊ."

ಅವತ್ತು ಹಾಸಿಗೆ ಕೊಡವ್ತಾ ಅಕ್ಕ ನಂಗೊಂದೇ ಒಂದ್ ಮಾತು ಹೇಳಿದ್ಲು. "ನನ್ ಮದ್ವೆ ದಿನ ನೋಡ್ತಿರು. ಎಲ್ಲರ ಮಧ್ಯ ನಿಂತು ಒಂದು ಫೋಟೋ ತೆಗೆಸ್ಕೋತೀನಿ. ಯಾರ್ ಬಂದ್ ಹೇಳಿದ್ರೂ ಒಂದಿಂಚೂ ಸರಿಯೋಲ್ಲ." ಅವ್ಳು ಏನಾದ್ರೂ ಬೇಕು ಅಂದಿದ್ದು ನಾನು ಕೇಳಿದ್ದು ಅದೊಂದೇ.

ರವಿಕೆ

ಮದ್ವೆ ಗೊತ್ತಾಯ್ತು. ಮಾಮೂಲ್‌ಪೇಟೇಲಿ ಅಲೆದು ಲೈನಿಂಗು, ಜರಿ ಎಲ್ಲಾ ತಂದು ಟೈಲರ್‌ಗೆ ಕೊಟ್ವಿ. ಅವ್ನು ಮದ್ವೆ ಹಿಂದಿನ ದಿನ ರವಿಕೆ ಕೊಟ್ಟ. ಹಾಕ್ಕೊಂಡ್ರೆ ತೋಳು ಬಿಗಿ, ಕೈ ಸೊಂಟದಿಂದ ಮೇಲಕ್ಕೆ ಬರ್ತಿಲ್ಲ.

"ಅಡ್ಜಸ್ಟ್ ಮಾಡ್ಕೊಳಿ ಮೇಡಂ" ಅಂದ. "ಮದುಮಗಳಿಗೆ ಕೈ ಎತ್ತೋ ಕೆಲ್ಸ ಏನಿರತ್ತೆ?"

"ಹಾರ ಹಾಕ್ಬೇಕಲ್ಲಪ್ಪಾ" ಅಂದೆ ನಾನು.

ಅವ್ನು ಸ್ವಲ್ಪ ಯೋಚ್ನೆ ಮಾಡಿ, "ಹುಡುಗಂಗೆ ಬಗ್ಗಕ್ ಹೇಳಿ" ಅಂದ.

ಧಾರೆ ದಿನ ಭಾವ ನಿಜವಾಗ್ಲೂ ಬಗ್ಗಿದ್ರು, ಪಾಪ, ಪೇಟ ಬಿದ್ದೇಹೋಗೋ ಅಷ್ಟು. ನಮ್ಮಕ್ಕನಿಗೋಸ್ಕರ ಬೇರೆ ಒಬ್ಬರು ಅಡ್ಜಸ್ಟ್ ಮಾಡ್ಕೊಂಡಿದ್ದನ್ನ ನಾನು ನೋಡಿದ್ದು ಅದೇ ಮೊದಲು.

ಫೋಟೋ

ಬಸವನಗುಡೀಲಿ ಛತ್ರ. ಮೇಲಿನ ಹಾಲಲ್ಲಿ ನಮ್ಮ ಮದ್ವೆ, ಕೆಳಗಡೆ ಹಾಲಲ್ಲಿ ಇನ್ಯಾರದ್ದೋ. ಧಾರೆ ಫೋಟೋಗಳಲ್ಲಿ ಬರೀ ನೆಂಟರ ಬೆನ್ನು ಬಿದ್ದಿತ್ತು, ಅದಕ್ಕೇ ಊಟಕ್ ಮುಂಚೆ ಎಲ್ಲರ ಗ್ರೂಪ್ ಫೋಟೋ ಅಂತ ಆಯ್ತು. ಫೋಟೋದವ್ರು ಕುರ್ಚಿ ಹತ್ತಿ ನಿಂತು, "ರೀಲಲ್ಲಿ ಇದೊಂದೇ ಉಳಿದಿರೋದು, ಬೇಗ ಬನ್ನಿ" ಅಂದ್ರು. ಅಕ್ಕ ಸರಿಯಾಗಿ ಮಧ್ಯದಲ್ಲಿ, ಭಾವನ ಪಕ್ಕ ನಿಂತು, ಸ್ಟೇಜ್ ಕೆಳಗಿದ್ದ ನನ್ನ ಕಡೆ ನೋಡಿ ನಕ್ಲು. ನೋಡ್ದ್ಯಾ, ಅನ್ನೋ ಥರ.

ಅಷ್ಟ್ರಲ್ಲಿ ಹಸಿರು ಸೀರೆಯವರೊಬ್ರು ಏದುಸಿರು ಬಿಡ್ತಾ ಮೆಟ್ಟಿಲು ಹತ್ತಿ ಬಂದ್ರು, ಸೀದಾ ಸ್ಟೇಜಿಗೆ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ." ಹುಡುಗನ ಕಡೆಯವರು ಇರ್ಬೇಕು ಅಂತ ಅಕ್ಕ ಸರಿದ್ಲು. ಆಮೇಲೆ ಸೋದರತ್ತೆ ಬಂದ್ರು, ಸರಿದ್ಲು. ಭಾವನ ಆಫೀಸಿನವ್ರು ಬಂದ್ರು, ಸರಿದ್ಲು. ಕೊನೆಗೆ ನಮ್ಮಪ್ಪಾನೇ ಬಂದು, "ಸ್ವಲ್ಪ ಜಾಗ ಬಿಡಮ್ಮ" ಅಂದ್ರು. ನಾನು ಕೆಳಗಿಂದ "ಅಕ್ಕಾ ಸರೀಬೇಡ, ಸರೀಬೇಡ" ಅಂತ ಕೂಗ್ತಾನೇ ಇದೀನಿ, ಓಲಗ ಜೋರಾಗಿತ್ತು. ಅಕ್ಕ ಫೋಟೋದವ್ರಿಗೆ ಕೈ ಎತ್ತಿ ತೋರಿಸೋಣ ಅಂತ ನೋಡಿದ್ಲು. ಕೈ ಎತ್ತಕ್ಕಾಗ್ಲಿಲ್ಲ, ಆ ರವಿಕೆ.

ಫೋಟೋ ತೊಳೆದು ಬಂತು. ಮಧ್ಯದಲ್ಲಿ ಭಾವ, ಪಕ್ಕದಲ್ಲಿ ಹಸಿರು ಸೀರೆ, ಎಷ್ಟ್ ಚೆನ್ನಾಗಿ ನಗ್ತಿದಾರೆ. ಅಂಚಲ್ಲಿ ಒಂದು ಮುಂಗೈ, ಅದ್ರ ತುಂಬ ಹಸಿರು ಬಳೆ. ಅದೇ ನಮ್ಮಕ್ಕ.

"ಇವ್ರು ಯಾರು, ನಿಮ್ ಕಡೆಯೋರಾ?" ಅಂದ್ರು ಅಪ್ಪ.

"ನಾನು ನಿಮ್ ಕಡೆಯೋರು ಅನ್ಕೊಂಡೆ" ಅಂದ್ರು ಭಾವ.

ಕೆಳಗಡೆ ಮದ್ವೆಯವ್ರು. ಹಾಲ್ ತಪ್ಪಿ ಬಂದಿದ್ದು. ಊಟಾನೂ ನಮ್ಮಲ್ಲೇ ಮಾಡಿದ್ರಂತೆ.

ಎಲ್ಲರೂ ಒಟ್ಟಿಗಿರೋದು ಇದೊಂದರಲ್ಲೇ ಅಂತ ಅಪ್ಪ ಅದಕ್ಕೇ ಫ್ರೇಮ್ ಹಾಕ್ಸಿ ಗೋಡೆಗೆ ತಗಲಾಕಿದ್ರು. ಮೊನ್ನೆ ಹಬ್ಬಕ್ಕೆ ಅಕ್ಕ ಬಂದಿದ್ದಾಗ ಅವ್ಳ ಮಗಳು ಫೋಟೋನೆಲ್ಲಾ ಹುಡುಕಿ ಕೇಳಿದ್ಲು, "ಅಮ್ಮಾ, ಇದ್ರಲ್ಲಿ ನೀನೆಲ್ಲಿ?"

ಅಕ್ಕ ಫೋಟೋ ಹತ್ರ ಬಂದ್ಲು. ಆಮೇಲೆ ಫ್ರೇಮ್ ಆಚೆ, ಖಾಲಿ ಗೋಡೆ ಮೇಲೆ ಬೆರಳಿಟ್ಟು, "ಇಲ್ಲಿ" ಅಂದ್ಲು.

ಅಷ್ಟ್ರಲ್ಲಿ ಅಮ್ಮ ಸುತ್ತಿಗೆ ಮೊಳೆ ಹಿಡ್ಕೊಂಡ್ ಒಳಗಿಂದ ಬಂದ್ಲು. "ಆ ಕೈ ಸ್ವಲ್ಪ ಆ ಕಡೆ ತಗಿಯೇ, ಅಲ್ಲಿ ಕ್ಯಾಲೆಂಡರ್ ಹಾಕ್ಬೇಕು."

ಅಕ್ಕ ತೆಗೆದ್ಲು.