ಕೆಂಪು ಪೆನ್ನು, ಹತ್ತು ಕಿಲೋ ಮೆಣಸಿನಕಾಯಿ

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಬೇರೆಯವರ ತಪ್ಪು ಕಂಡರೆ ಕೈ ತುರಿಸುತ್ತದೆ. ನಾನು ನಿವೃತ್ತನಾದರೂ ಜೇಬಿನ ಕೆಂಪು ಪೆನ್ನು ನಿವೃತ್ತವಾಗಿಲ್ಲ! ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಯಾರಾದರೂ "ಮಿಸ್ಟೇಕ್ ಆತ್ರಿ" ಅಂದರೆ ಸಾಕು, ನಿಲ್ಲಿಸಿ ಪಾಠ ಮಾಡುತ್ತೇನೆ. ಗೊತ್ತಿದ್ದೂ ಕೈತಪ್ಪಿದರೆ ಮಿಸ್ಟೇಕ್. ಗೊತ್ತಿಲ್ಲದೇ ಮಾಡಿದರೆ ಎರರ್. ಹೊಣೆ ನಿಮ್ಮ ತಲೆಗೆ ಬಂದರೆ ಫಾಲ್ಟ್. ಊರಿಗೆಲ್ಲ ಗೊತ್ತಾದರೆ ಬ್ಲಂಡರ್!

ಈ ಬೇಸಿಗೆಯಲ್ಲಿ ಹೆಂಡತಿ ಗಿರಿಜಾಳ ಮೊಣಕಾಲು ಹಿಡಿದುಕೊಂಡಿತು. ಬ್ಯಾಡಗಿಗೆ ಹೋಗಿ ವರ್ಷದ ಖಾರದ ಪುಡಿ ಮಾಡಿಸಿ ತರುವ ಕೆಲಸ ನನ್ನ ಪಾಲಿಗೆ ಬಂತು. ಆಕೆ ಚೀಟಿ ಬರೆದುಕೊಟ್ಟಳು: ಬ್ಯಾಡಗಿಯ ಡಬ್ಬಿ ತಳಿಯ ಮೆಣಸಿನಕಾಯಿ ಎಂಟು ಕಿಲೋ, ಗುಂಟೂರು ಎರಡು.

"ಮೊದಲನೇ ಡಬ್ಬ ಮೋಟೆಬೆನ್ನೂರಾಗ ನಮ್ಮ ಅಕ್ಕಗ ಕೊಟ್ಟು ಬರ್ರಿ. ಇಪ್ಪತ್ತು ವರ್ಷ ಆತು, ನನ್ನ ಖಾರಕ್ಕ ಏನರ ಒಂದು ಕೊಂಕು ತಗದ ತಗೀತಾಳ. ಈ ಸಲ ಆಕಿ ಬಾಯಿಂದ ಚೊಲೋ ಆಗೇತಿ ಅನ್ನಿಸಬೇಕು. ಚೀಟ್ಯಾಗ ಹೆಂಗೈತಿ ಹಂಗ ತರ್ರಿ."

"ಇಂಗ್ಲಿಷ್ ಕಲಿಸಿದಾಂವಗ ಮೆಣಸಿನಕಾಯಿ ಯಾವ ಲೆಕ್ಕ ಬಿಡು!" ಎಂದೆ.

ಬ್ಯಾಡಗಿಯಲ್ಲಿ ನಮ್ಮ ಖಾಯಂ ಅಂಗಡಿ ಹುಸೇನ್‌ಸಾಬರದು. ನೋಡಿದರೆ ಡಬ್ಬಿ ಮೆಣಸಿನಕಾಯಿ ನನ್ನ ಮುಖದ ಹಾಗೆ ಸುಕ್ಕುಸುಕ್ಕು. ಪಕ್ಕದ ಚೀಲದ ಗುಂಟೂರು ನುಣ್ಣಗೆ ಮಿರಮಿರ! ಸುಕ್ಕಿನದು ಎಂಟು, ಚಂದದ್ದು ಎರಡೇ? ಮೊಣಕಾಲು ನೋವಿನಲ್ಲಿ ಗಿರಿಜಾ ಹಿಂದುಮುಂದು ಬರೆದಿದ್ದಾಳೆ. ಪಾಪ, ಮಿಸ್ಟೇಕ್! ಕೆಂಪು ಪೆನ್ನು ತೆಗೆದೆ. ಎಂಟನ್ನು ಎರಡು ಮಾಡಿದೆ, ಎರಡನ್ನು ಎಂಟು ಮಾಡಿದೆ.

ಹುಸೇನ್‌ಸಾಬರು ಚೀಟಿ ನೋಡಿ ಗಾಬರಿಯಾದರು. "ಸರ, ಡಬ್ಬಿ ಬಣ್ಣಕ್ಕ, ಗುಂಟೂರು ಖಾರಕ್ಕ. ಎಂಟು ಕಿಲೋ ಹಾಕಿದ್ರ ಉಣ್ಣಾವ್ರು ಉಳಿಯಂಗಿಲ್ಲ. ಮನಿಗೆ ಒಂದು ಫೋನ್ ಹಚ್ಚರಿ."

"ಸಾಬ್ರ, ನಾ ತಿದ್ದಿದ ಪೇಪರ್ ಇನ್ನೊಬ್ಬರಿಗೆ ತೋರಸೂ ಪದ್ಧತಿ ಇಲ್ಲ!"

"ಯಾ ಅಲ್ಲಾ!" ಎಂದು ತೂಗಿಕೊಟ್ಟರು.

ಅಲ್ಲೇ ಗಿರಣಿಗೆ ಹಾಕಿಸಿದೆ. ಅರ್ಧ ಬೀಸುವುದರೊಳಗೆ ಗಿರಣಿಯವನು ಹೊರಗೆ ಓಡಿದ. ಪಾಳಿ ಹಚ್ಚಿದವರೆಲ್ಲ ಸೀನತೊಡಗಿದರು. "ಏನ್ ತಂದೀರಿ ಮಾಸ್ತರ?" ಎಂದ. "ಫಸ್ಟ್ ಕ್ಲಾಸ್ ಮಾಲು!" ಎಂದೆ, ಕಣ್ಣೊರೆಸಿಕೊಳ್ಳುತ್ತ. ಬರುವ ದಾರಿಯಲ್ಲಿ ಮೋಟೆಬೆನ್ನೂರಿನಲ್ಲಿ ಇಳಿದು ಮೊದಲನೇ ಡಬ್ಬವನ್ನೂ ಹೆಮ್ಮೆಯಿಂದ ಕೊಟ್ಟೆ.

ನಾನು ಮನೆ ಮುಟ್ಟುವುದರೊಳಗೆ ಅಕ್ಕನ ಫೋನು ಮುಟ್ಟಿತ್ತು. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ. "ಗಿರಿಜಾ, ನನ್ನ ಮ್ಯಾಲ ಸಿಟ್ಟಿದ್ರ ಬಾಯಿಲೆ ಹೇಳಬೇಕಿತ್ತವಾ! ನಮ್ಮ ಮನಿಯವ್ರು ನೀರಿನ ಕೊಡಪಾನ ಹಿಡಕೊಂಡು ಕುಂತಾರ!"

ಗಿರಿಜಾ ಚೀಟಿ ಇಸಿದುಕೊಂಡು ನೋಡಿದಳು. ರೊಟ್ಟಿ ಚೂರಿಗೆ ಹೊಸ ಖಾರ ಹಚ್ಚಿ ನನ್ನ ಬಾಯಿಗಿಟ್ಟಳು. "ಇದಕ್ಕ ಇಂಗ್ಲಿಷಿನ್ಯಾಗ ಏನಂತಾರ್ರಿ? ನಾಲ್ಕರಾಗ ಯಾವುದು? ಹೇಳ್ರಿ!"

ನಾಲ್ಕೂ ಶಬ್ದ ನಾಲಿಗೆಯ ಮೇಲೆಯೇ ಸುಟ್ಟುಹೋದವು. "ನೀರು... ನೀರು!" ಎಂದೆ.

"ಒಮ್ಮೆರ ಅಕ್ಕನ ಕಡೆ ಶಾಬಾಸ್ ಅನ್ನಿಸ್ಕೋಬೇಕಂತ ಮಾಡಿದ್ದೆ" ಎಂದು ಆಕೆ ಗೋಡೆ ಕಡೆ ಮುಖ ಮಾಡಿದಳು. ನನಗೆ ಖರೇನೇ ನಾಚಿಕೆಯಾಯಿತು.

ಮರುದಿನ ಎದ್ದು ನೋಡಿದರೆ ಓಣಿಯ ಹೆಂಗಸರೆಲ್ಲ ನಮ್ಮ ಬಾಗಿಲ ಮುಂದೆ ನಿಂತು ನಗುತ್ತಿದ್ದರು. ಬಾಗಿಲಿಗೆ ನಾನು ತಿದ್ದಿದ ಚೀಟಿ ಅಂಟಿಸಿತ್ತು. ಕೆಳಗೆ ನನ್ನದೇ ಕೆಂಪು ಪೆನ್ನಿನಲ್ಲಿ ಮಾರ್ಕ್ಸು: ಹತ್ತಕ್ಕೆ ಎರಡು!

"ಆ ಎರಡಾದ್ರೂ ಯಾಕ ಕೊಟ್ಟಿ?" ಎಂದೆ ಗಿರಿಜಾಳಿಗೆ, ಮೆಲ್ಲಗೆ.

"ಅಂಕಿ ದುಂಡಗ ಬರದೀರಿ, ಅದಕ್ಕ."