ಠಸ್ಸೆರಾಯರು ಮಾಡಿದ ಕಾರ್ಡು

ಠಸ್ಸೆ ಒತ್ತುವ ವಿದ್ಯೆಯನ್ನು ತನಗೆ ಹೇಳಿಕೊಡಬಲ್ಲ ಗುರು ಇನ್ನೂ ಹುಟ್ಟಿಲ್ಲ ಎಂದು ಠಸ್ಸೆರಾಯರು ಒಂದು ಸಂಜೆ ನಡುಮನೆಯಲ್ಲಿ ನಿಂತು ಘೋಷಿಸಿದರು. ಕೇಳಲು ಮನೆಯಲ್ಲಿದ್ದವರು ಅವರ ಹೆಂಡತಿ ಒಬ್ಬರೇ. ಅವರೂ ಪಕ್ಕದ ಹೊಲಿಗೆ ಕೋಣೆಯಲ್ಲಿ ಯಂತ್ರ ತುಳಿಯುತ್ತಿದ್ದುದರಿಂದ ಘೋಷಣೆಯ ಅರ್ಧ ಭಾಗ ಅದರ ಸದ್ದಿನಲ್ಲಿ ಕೊಚ್ಚಿಹೋಯಿತು.

ರಾಯರ ಮಾತಿನಲ್ಲಿ ಜಂಬವಿದ್ದರೂ ಪೂರ್ತಿ ಸುಳ್ಳಿರಲಿಲ್ಲ. ಕಚೇರಿಯ ಟಪಾಲು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಅವರು ಮಾಡಿದ್ದು ಅದೊಂದೇ ಕೆಲಸ. ಬಂದ ಕಾಗದಕ್ಕೊಂದು ಠಪ್, ಹೋಗುವ ಕಾಗದಕ್ಕೊಂದು ಠಪ್. ಒತ್ತಿದ್ದೆಲ್ಲ ಒಂದಿಷ್ಟು ಬಲಕ್ಕೆ ವಾಲುತ್ತಿತ್ತು, ಮಸಿಯೂ ತುಸು ಹರಡುತ್ತಿತ್ತು. ಅದೆಲ್ಲ ವೇಗದ ಲಕ್ಷಣ ಎಂದು ಅವರು ತಿಳಿದಿದ್ದರು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ತೆಪ್ಪಗೆ ಬಿದ್ದಿತ್ತು. ಊರಿಗೆಲ್ಲ ಅವರು ಠಸ್ಸೆರಾಯರು. ಬಟ್ಟೆ ಹೊಲಿಯುವ ಹೆಂಡತಿ ಬೀದಿಗೆಲ್ಲ ಟೈಲರಮ್ಮ.

ಕಿಚ್ಚು ಹತ್ತಿದ್ದು ಕಚೇರಿಯಲ್ಲಿ. ವರ್ಗವಾಗಿ ಹೊರಟ ಮೇಲಧಿಕಾರಿಗೆ ಟೈಪಿಸ್ಟ್ ಹುಡುಗಿ ಕೈಯಾರೆ ಮಾಡಿದ ಶುಭಾಶಯದ ಕಾರ್ಡು ಕೊಟ್ಟಳು. ಚಿತ್ತಾರದ ಕಾಗದ, ಅದರ ಮೇಲೆ ಪುಟ್ಟ ಪುಟ್ಟ ಠಸ್ಸೆಯಿಂದ ಒತ್ತಿದ ಎಲೆ, ಹೂವು. ಎಲ್ಲರೂ ಸೇರಿ ಕೊಟ್ಟ ಗೋಡೆ ಗಡಿಯಾರವನ್ನು ಕಂಕುಳಿಗೆ ಸಿಕ್ಕಿಸಿಕೊಂಡ ಅಧಿಕಾರಿ, ಕಾರ್ಡನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು ಹೊರಟರು. ರಾಯರಿಗೆ ಹೊಟ್ಟೆ ಉರಿಯಿತು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ನಾಲ್ಕು ಎಲೆ ಒತ್ತಿ ಭೇಷ್ ಎನ್ನಿಸಿಕೊಳ್ಳುವುದೆಂದರೇನು! ಇಷ್ಟು ವರ್ಷದಲ್ಲಿ ತನ್ನ ಒಂದು ಠಸ್ಸೆಯನ್ನಾದರೂ ಯಾರಾದರೂ ಹಾಗೆ ಹಿಡಿದುಕೊಂಡಿದ್ದಾರೆಯೇ?

"ನಿನ್ನ ಅಕ್ಕನಿಗೆ ಬರೋ ವಾರ ಅರವತ್ತು ತುಂಬುತ್ತಲ್ಲ," ಎಂದರು ರಾಯರು. "ನಾನೊಂದು ಕಾರ್ಡು ಮಾಡ್ತೀನಿ. ನಿಮ್ಮ ಮೂರು ವರ್ಷದ ಜಗಳ ಮೂರು ನಿಮಿಷದಲ್ಲಿ ಮುಗೀಬೇಕು, ಹಾಗಿರುತ್ತೆ ನೋಡು."

ಯಂತ್ರ ನಿಂತಿತು. ಆ ಮನೆಯಲ್ಲಿ ಅಕ್ಕನ ಸುದ್ದಿ ಎತ್ತಿದಾಗಲೆಲ್ಲ ಅದು ನಿಲ್ಲುತ್ತಿತ್ತು.

ಜಗಳಕ್ಕೆ ಕಾರಣ ಒಂದು ಕತ್ತರಿ. ಅಕ್ಕತಂಗಿಯರ ತಾಯಿ ಬಟ್ಟೆ ಹೊಲಿದೇ ಇಬ್ಬರನ್ನೂ ಸಾಕಿದವರು. ಅವರು ತೀರಿಕೊಂಡ ಮೇಲೆ, ಅಮ್ಮನ ಆ ದೊಡ್ಡ ಕತ್ತರಿ ತನಗೇ ಸೇರಬೇಕೆಂದು ತಂಗಿ, ತನಗೇ ಎಂದು ಅಕ್ಕ. ಕೊನೆಗೆ ಅಕ್ಕ ಅದನ್ನು ಚೀಲಕ್ಕೆ ಹಾಕಿಕೊಂಡು ತಮ್ಮ ಊರಿನ ಬಸ್ಸು ಹತ್ತಿಬಿಟ್ಟರು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಆ ಕತ್ತರಿಯ ಗುಣಗಾನವನ್ನು ರಾಯರು ಸಾವಿರ ಸಲ ಕೇಳಿದ್ದರು. ಕಣ್ಣಾರೆ ನೋಡಿಯೂ ಇದ್ದಿರಬೇಕು, ಆದರೆ ಅತ್ತೆಯ ಮನೆಗೆ ಹೋದಾಗ ಅವರ ದೃಷ್ಟಿ ಊಟದ ತಟ್ಟೆ ಬಿಟ್ಟು ಕದಲಿದ್ದೇ ಕಡಿಮೆ.

"ಮಾಡಿ," ಎಂದರು ಟೈಲರಮ್ಮ. "ಒಂದು ಸಾಲು ನಾನೂ ಬರೆದುಕೊಡ್ತೀನಿ. ಆದರೆ ನನ್ನ ಕತ್ತರಿ ಮುಟ್ಟಬೇಡಿ. ಬಟ್ಟೆ ಕತ್ತರಿಗೆ ಕಾಗದ ತಾಗಿಸಿದರೆ ಅದು ಅಲ್ಲಿಗೆ ಸತ್ತ ಹಾಗೆ."

ಇದು ಆ ಮನೆಯ ಮೊದಲನೆಯ ಕಾನೂನು. ಅದಕ್ಕೆ ಹೆದರಿ ರಾಯರು ಹಾಲಿನ ಪ್ಯಾಕೆಟ್ಟನ್ನೂ ಹಲ್ಲಿನಿಂದಲೇ ಹರಿಯುತ್ತಿದ್ದರು.

ಮರುದಿನವೇ ಮಹಾಕಾರ್ಯ ಶುರುವಾಯಿತು. ಪೆನ್ಸಿಲ್ ಅಳಿಸುವ ರಬ್ಬರು ತಂದು ಗುಲಾಬಿ ಕೆತ್ತಿದರು. ಒತ್ತಿ ನೋಡಿದರೆ ಎಲೆಕೋಸು. ಹಕ್ಕಿ ಕೆತ್ತಿದರು, ಕೊಕ್ಕು ಸ್ವಲ್ಪ ಉದ್ದವಾಗಿ ಟೀ ಕೆಟಲ್ಲಾಯಿತು. ಮೂರನೆಯದು ಎಲೆ. ಎಲೆಯನ್ನು ಕೆಡಿಸುವುದು ಅಷ್ಟು ಸುಲಭವಲ್ಲ, ಹಾಗಾಗಿ ಅದು ಎಲೆಯಾಗಿಯೇ ಬಂತು. ಕಚೇರಿಯಿಂದ ನಿವೃತ್ತಿ ಪಡೆದ ಹಳೆಯ ಠಸ್ಸೆಗಳನ್ನೂ ನೇರಳೆ ಮಸಿಯ ಪ್ಯಾಡನ್ನೂ ಅವರು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡಿದ್ದರು. ಆ ಡಬ್ಬಿಯೂ ಮೇಜಿಗೆ ಬಂತು.

ತೊಡಕಾದದ್ದು ಕತ್ತರಿಯದು. ಗಡ್ಡದ ಬ್ಲೇಡಿನಿಂದ ರಟ್ಟು ಕೊಯ್ಯಲು ಹೋಗಿ ಹೆಬ್ಬೆರಳು ಕೊಯ್ದುಕೊಂಡರು. ಚಿತ್ತಾರದ ಕಾಗದವೂ ಬೇಕಿತ್ತು. ಹಳೆಯ ಕ್ಯಾಲೆಂಡರ್ ಸಿಕ್ಕೀತೆಂದು ಸ್ಟೂಲು ಹತ್ತಿ ಬೀರುವಿನ ಮೇಲೆ ಕೈಯಾಡಿಸಿದರೆ, ಸೂಟ್‌ಕೇಸಿನ ಹಿಂದೆ ಒಂದು ಪೊಟ್ಟಣ! ಕಂದು ಕಾಗದ, ಅದರ ಮೈತುಂಬ ಸಾಲು ಸಾಲಾಗಿ ಒತ್ತಿದ ಪುಟ್ಟ ಹಳದಿ ಬಳೆಗಳು. ಬಿಚ್ಚಿದರೆ ಒಳಗೆ ಕಪ್ಪು ಹಿಡಿಯ, ಮೊಳಕೈ ಸೋಲುವಷ್ಟು ಭಾರದ ಕತ್ತರಿ.

ರಾಯರ ತಲೆ ಚುರುಕಾಗಿ ಓಡಿತು, ತಪ್ಪು ದಿಕ್ಕಿಗೆ. ತನ್ನ ಕಲೆಗೆ ಪ್ರೋತ್ಸಾಹವಾಗಲೆಂದು ಹೆಂಡತಿ ಗುಟ್ಟಾಗಿ ತಂದಿಟ್ಟಿದ್ದಾಳೆ! ಬಾಯಲ್ಲಿ ಗದರಿದರೂ ಮನಸ್ಸು ಬೆಣ್ಣೆ. ಪೊಟ್ಟಣದ ಮೇಲೆ ದಪ್ಪನೆಯ ಧೂಳಿತ್ತು. ಬೀರುವಿನ ಮೇಲಿಟ್ಟರೆ ಧೂಳು ಕೂರದೆ ಇನ್ನೇನು ಎಂದು ಅದಕ್ಕೂ ಸಮಾಧಾನ ಹೇಳಿಕೊಂಡರು. ಆಕೆಯ ಗುಟ್ಟನ್ನು ತಾನೇಕೆ ಒಡೆಯಬೇಕೆಂದು ಸುಮ್ಮನಿದ್ದರು.

ಹೆಂಡತಿ ಹೊಲಿಗೆ ಕೋಣೆಯಲ್ಲಿದ್ದಾಗ, ಮೂರು ಸಂಜೆ ಆ ಕತ್ತರಿಗೆ ಬಿಡುವಿರಲಿಲ್ಲ. ಹಳೆಯ ಫೈಲುಗಳ ರಟ್ಟು ಬೆಣ್ಣೆಯ ಹಾಗೆ ತುಂಡಾಗುತ್ತಿತ್ತು. ಒಂದು ಸಲ ಫೈಲಿನ ಟ್ಯಾಗಿನ ತಗಡಿನ ತುದಿಯೂ ನಡುವೆ ಸಿಕ್ಕಿ ಕಟಕ್ ಎಂದಿತು, ಅದನ್ನೂ ಕತ್ತರಿಸಿದರು. ಹನ್ನೊಂದು ಕಾರ್ಡು ಕಸದ ಬುಟ್ಟಿಗೆ ಹೋದವು. ಹನ್ನೆರಡನೆಯದು ಎದ್ದು ನಿಂತಿತು: ರಟ್ಟಿನ ಮೇಲೆ ಹಳದಿ ಬಳೆಯ ಕಾಗದ, ಅದರ ಮೇಲೆ ಬಲಕ್ಕೆ ವಾಲಿದ ಏಳು ಎಲೆ. ಮೆಚ್ಚುಗೆಯನ್ನೆಲ್ಲ ಅಕ್ಕನಿಂದಲೇ ಮೊದಲು ಕೇಳಬೇಕೆಂದು ಅದನ್ನು ಹೆಂಡತಿಗೂ ತೋರಿಸಲಿಲ್ಲ. ಆಕೆಯ ಸಾಲನ್ನು ಬೇರೆ ಚೀಟಿಯಲ್ಲಿ ಬರೆಸಿಕೊಂಡು ಒಳಗೆ ಅಂಟಿಸಿದರು. ಒಂದು ಗಂಟೆ ಕೂತು, ನಾಲ್ಕು ಚೀಟಿ ಹರಿದು, ಟೈಲರಮ್ಮ ಬರೆದದ್ದು ಇಷ್ಟೇ: "ಅಕ್ಕಾ, ಅರವತ್ತು ತುಂಬಿತು. ಮಂಡಿ ನೋವು ಹೇಗಿದೆ?"

ಲಕೋಟೆಗೆ ಹಾಕುವ ಮುನ್ನ ರಾಯರ ಬಲಗೈ ಡಬ್ಬಿಯಿಂದ ಒಂದು ಠಸ್ಸೆ ಎತ್ತಿ ಕಾರ್ಡಿನ ಬೆನ್ನಿಗೆ ಠಪ್ಪೆಂದು ಒತ್ತಿತು. ಇಪ್ಪತ್ತಾರು ವರ್ಷದ ಅಭ್ಯಾಸ. ತಲೆಗೆ ಸುದ್ದಿಯೇ ಮುಟ್ಟಲಿಲ್ಲ.

ಶನಿವಾರ ಮಧ್ಯಾಹ್ನ ಟೈಲರಮ್ಮನಿಗೆ ಅಕ್ಕನ ಫೋನು ಬಂತು. ಅಕ್ಕ ಶಾಲೆಯಲ್ಲಿ ಪಾಠ ಹೇಳಿದವರು, ಅವರ ಧ್ವನಿ ಫೋನಿನಿಂದ ನಾಲ್ಕು ಮಾರು ದೂರಕ್ಕೂ ಕೇಳುತ್ತಿತ್ತು. ರಾಯರು ಹೊಗಳಿಕೆಗೆ ಕಿವಿ ನಿಮಿರಿಸಿ ಕೂತರು.

"ಅಂತೂ ಬಿಚ್ಚಿದೆಯಲ್ಲೇ," ಎಂದರು ಅಕ್ಕ.

"ಏನನ್ನ?"

"ಪೊಟ್ಟಣವನ್ನ. ನೂಲಿನ ಉರುಳೆ ಬಣ್ಣಕ್ಕೆ ಅದ್ದಿ ನಾನೇ ಒತ್ತಿದ ಕಾಗದ ನನಗೆ ಗುರುತು ಸಿಗಲ್ವಾ? ಚಿಕ್ಕವರಿದ್ದಾಗ ಅಮ್ಮ ಹೀಗೇ ಒತ್ತಿಸ್ತಿದ್ದಳು. ಜಗಳ ಆಡಿ ಬಂದ ತಿಂಗಳಿಗೇ ಮನಸ್ಸು ತಡೀದೆ ಅಮ್ಮನ ಕತ್ತರಿ ಕಳಿಸಿದೆ. ನಿನ್ನಿಂದ ಒಂದು ಮಾತಿಲ್ಲ. ನಾನೂ ಬಿಗಿದುಕೊಂಡು ಕೂತೆ. ಈಗ ಕಾರ್ಡಿನ ಹಿಂದೆ 'ಪರಿಶೀಲಿಸಲಾಗಿದೆ' ಅಂತ ಬೇರೆ ಒತ್ತಿದೀಯ. ಪರಿಶೀಲಿಸೋಕೆ ಮೂರು ವರ್ಷ ಬೇಕಾಯ್ತೇನೇ?"

ಟೈಲರಮ್ಮ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೂತುಬಿಟ್ಟರು. ಕತ್ತರಿ ಹೇಗೆ ನಡೆಯುತ್ತೆ ಎಂದು ಅಕ್ಕ ಕೇಳಿದ್ದಕ್ಕೆ ಚೆನ್ನಾಗಿದೆ ಎಂದರು. ನಾಳೆಯೇ ಬಂದು ನೋಡುತ್ತೇನೆ ಎಂದದ್ದಕ್ಕೆ ಹೂಂ ಎಂದರು. ಫೋನಿಟ್ಟು ಸ್ಟೂಲು ಹತ್ತಿದರು. ಸೂಟ್‌ಕೇಸಿನ ಹಿಂದೆ ಧೂಳಿನ ನಡುವೆ ಪೊಟ್ಟಣದಷ್ಟೇ ಅಗಲದ ಒಂದು ಚೊಕ್ಕ ಜಾಗ ಇತ್ತು.

ಆ ಪೊಟ್ಟಣ ಅಂಚೆಯಲ್ಲಿ ಬಂದ ದಿನ ಟೈಲರಮ್ಮ ಅಕ್ಕನ ಅಕ್ಷರ ನೋಡಿದ್ದೇ ಹೊರಗಿನ ಕವರು ಹರಿದು ಬಿಸಾಡಿದ್ದರಂತೆ. ಕತ್ತರಿ ಕಿತ್ತುಕೊಂಡು ಸಮಾಧಾನಕ್ಕೆ ಯಾವುದೋ ಸಾಮಾನು ಕಳಿಸಿದ್ದಾಳೆಂದು ಸಿಟ್ಟು. ಬಿಚ್ಚಲು ಮನಸ್ಸು ಬರಲಿಲ್ಲ, ಎಸೆಯಲೂ ಬರಲಿಲ್ಲ. ಇಷ್ಟನ್ನು ಗೋಡೆಗೆ ಹೇಳಿದ ಹಾಗೆ ಹೇಳಿ, ಟೈಲರಮ್ಮ ರಾಯರ ಮೇಜಿನ ಖಾನೆ ಎಳೆದರು. ಅಮ್ಮನ ಕತ್ತರಿಯ ಎರಡೂ ಅಲಗಿಗೆ ಗೋಂದು ಮೆತ್ತಿತ್ತು. ಗೋಂದಿಗೆ ರಟ್ಟಿನ ಹೊಟ್ಟು ಹಿಡಿದಿತ್ತು. ನಡುವೆ ಎಳ್ಳಿನಷ್ಟು ಒಂದು ಮುಕ್ಕು.

ಟೈಲರಮ್ಮ ಬೈಯಲಿಲ್ಲ. ಬೈದಿದ್ದರೆ ರಾಯರಿಗೆ ಅಂದು ಊಟವಾದರೂ ಗಂಟಲಲ್ಲಿ ಇಳಿಯುತ್ತಿತ್ತು. ಮೆಟ್ಟಿಲ ಕಲ್ಲಿಗೆ ಉಜ್ಜಿಕೊಡಲೇ ಎಂದು ರಾಯರು ಕೇಳಿದ್ದಕ್ಕೆ ಆಕೆ ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದರು.

ಭಾನುವಾರ ಅಕ್ಕ ಬಂದರು, ಮಂಡಿ ಹಿಡಿದುಕೊಂಡು. ಕೂರುವ ಮೊದಲೇ ಕತ್ತರಿ ಕೇಳಿದರು. ಒಂದು ತುಂಡು ಬಟ್ಟೆ ಎತ್ತಿ ಕತ್ತರಿ ಹಾಕಿದರು. ಬಟ್ಟೆ ತುಂಡಾಗಲಿಲ್ಲ, ಮಡಚಿಕೊಂಡು ಅಲಗುಗಳ ನಡುವೆ ಸಿಕ್ಕಿಬಿತ್ತು. ಅಕ್ಕನ ಮುಖ ಬದಲಾಯಿತು.

"ಇದರಲ್ಲಿ ಕಾಗದ ಕತ್ತರಿಸಿದೀಯ," ಎಂದರು ತಂಗಿಗೆ. "ಬೇಕಂತಲೇ. ಅಷ್ಟು ಸಿಟ್ಟಿತ್ತಾ ನನ್ನ ಮೇಲೆ?"

ಟೈಲರಮ್ಮ ಅಲಗಿಗೆ ಸಿಕ್ಕಿದ ಬಟ್ಟೆಯನ್ನು ಬಿಡಿಸತೊಡಗಿದರು. ಗಂಡನ ಕಡೆ ಬೆರಳು ತೋರಿಸಲಿಲ್ಲ. ಅಕ್ಕನ ಕೈ ಚೀಲದತ್ತ ಹೋಯಿತು. ಆ ಚೀಲ ಹೆಗಲೇರಿದರೆ ಇನ್ನೂ ಮೂರು ವರ್ಷ ಎಂಬುದು ಎಲೆಯೊಂದನ್ನು ಬಿಟ್ಟು ಏನೂ ಕೆತ್ತಲಾಗದ ರಾಯರಿಗೂ ತಿಳಿಯಿತು. ಅವರಿಗೆ ಭಯವಾಯಿತು, ನಾಚಿಕೆಯೂ ಆಯಿತು.

"ನಾನು, ಅತ್ತಿಗೆ," ಎಂದರು. "ನಿಮ್ಮ ಕಾರ್ಡಿಗೇ ಅಂತ. ಅವಳಿಗೆ ಗೊತ್ತೇ ಇರಲಿಲ್ಲ. ರಟ್ಟು ಕತ್ತರಿಸಿದೆ. ನಡುವೆ ಸ್ವಲ್ಪ ತಗಡೂ ಸಿಕ್ತು."

"ತಗಡಾ?"

ಅಕ್ಕತಂಗಿ ಒಟ್ಟಿಗೆ ಕೇಳಿದರು. ಮೂರು ವರ್ಷದಲ್ಲಿ ಇಬ್ಬರೂ ಒಂದೇ ಮಾತಾಡಿದ್ದು ಅದೇ ಮೊದಲು. ಆಮೇಲೆ ಅವರ ನಡುವೆ ಭಿನ್ನಾಭಿಪ್ರಾಯವೆಂಬುದು ಉಳಿಯಲೇ ಇಲ್ಲ. ಒಬ್ಬರು ಆರೋಪ ಮಾಡಿದರೆ ಇನ್ನೊಬ್ಬರು ಸಾಕ್ಷಿ ಹೇಳಿದರು. ರಾಯರ ಮದುವೆಯ ದಿನದಿಂದ ಹಿಡಿದು ಎಲ್ಲ ಅಪರಾಧಗಳ ವಿಚಾರಣೆಯೂ ಅದೇ ಬೈಠಕ್ಕಿನಲ್ಲಿ ಮುಗಿಯಿತು. ನಂತರ ಸಾಣೆಕಲ್ಲು, ಎಣ್ಣೆ ತೆಗೆದುಕೊಂಡು ಇಬ್ಬರೂ ಹೊಲಿಗೆ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಅಮ್ಮ ಅಲಗನ್ನು ಹೇಗೆ ಓರೆ ಹಿಡಿಯುತ್ತಿದ್ದಳೆಂಬ ಚರ್ಚೆ ಕೇಳಿಸಿತು. ನಡುನಡುವೆ ನಗು. ಹೊರಗೆ ಕೂತ ರಾಯರಿಗೆ ಖುಷಿಯಾಯಿತು. ತನ್ನನ್ನು ಒಳಗೆ ಕರೆಯಲಿಲ್ಲವೆಂದು ಬೇಸರವೂ ಆಯಿತು.

ಸುಮ್ಮನೆ ಕೂರಲಾರದೆ ಅವರು ಇನ್ನೊಂದು ಕಾರ್ಡು ಮಾಡಿದರು. ಕತ್ತರಿ ಕೇಳುವ ಧೈರ್ಯವಿಲ್ಲದೆ ರಟ್ಟನ್ನು ಸ್ಕೇಲಿಗೆ ಒತ್ತಿ ಕೈಯಲ್ಲೇ ಹರಿದರು. ಮಸಿಯ ಪ್ಯಾಡು ಕೈಗೆ ಸಿಗದೆ, ಎಲೆಯ ರಬ್ಬರಿಗೆ ಪೆನ್ನಿನ ಮಸಿ ಸವರಿ ಎರಡು ಎಲೆ ಒತ್ತಿದರು. ಕೆಳಗೆ 'ತಪ್ಪಾಯಿತು' ಎಂದು ಬರೆದು ಬಾಗಿಲ ಸಂದಿಯಲ್ಲಿ ಒಳಗೆ ತಳ್ಳಿದರು.

ಒಳಗಿನ ಮಾತು ನಿಂತಿತು. ಪಿಸುಪಿಸು ಕೇಳಿತು. ಆಮೇಲೆ ಠಪ್ ಎಂದು ಒಂದು ಸದ್ದು. ಆ ಸದ್ದನ್ನು ರಾಯರು ನಿದ್ದೆಯಲ್ಲೂ ಗುರುತಿಸಬಲ್ಲರು. ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ ಇಲ್ಲದ್ದು ಆಗಲೇ ಅವರ ಗಮನಕ್ಕೆ ಬಂತು. ಕಾರ್ಡು ಸಂದಿಯಿಂದ ವಾಪಸು ಜಾರಿ ಬಂತು.

'ತಪ್ಪಾಯಿತು' ಎಂಬುದರ ಪಕ್ಕದಲ್ಲಿ ನೇರಳೆ ಮಸಿಯಲ್ಲಿ 'ತಿರಸ್ಕರಿಸಲಾಗಿದೆ'. ಅದರಡಿ ಟೈಲರಮ್ಮನ ಅಕ್ಷರದಲ್ಲಿ: "ಅಂಚು ಸೊಟ್ಟ. ಮತ್ತೆ ಮಾಡಿ ತನ್ನಿ." ಅದಕ್ಕೆ ಅಕ್ಕತಂಗಿ ಇಬ್ಬರದೂ ಸಹಿ.

ರಾಯರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಠಸ್ಸೆ ಕೂದಲೆಳೆಯಷ್ಟೂ ವಾಲಿರಲಿಲ್ಲ, ಮಸಿ ಒಂದಿಷ್ಟೂ ಹರಡಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಚೆನ್ನಾಗಿ ಒತ್ತಲು ಅವರಿಗೆ ಒಮ್ಮೆಯೂ ಆಗಿರಲಿಲ್ಲ.